ಚಿಲಕವಿಲ್ಲದ ಮನೆ

ಆ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಸ್ನಾನ ಮಾಡುವಂತಿರಲಿಲ್ಲ. ಬಚ್ಚಲಿಗೆ ಹೋದವರು ಹಾಡುತ್ತಿರಬೇಕು. ಹಾಡು ಬಾರದವರು ತಂಬಿಗೆಯಿಂದ ಬಕೆಟ್ಟನ್ನಾದರೂ ಬಡಿಯುತ್ತಿರಬೇಕು. ಸದ್ದು ನಿಂತರೆ ಒಳಗೆ ಯಾರೂ ಇಲ್ಲವೆಂದೇ ಅರ್ಥ. ಹೊರಗಿನವರು ಬಾಗಿಲು ತಳ್ಳಿಕೊಂಡು ಬಂದರೆ ತಪ್ಪು ಅವರದಲ್ಲ. ಏಕೆಂದರೆ ಬಚ್ಚಲ ಬಾಗಿಲಿಗೆ ಚಿಲಕ ಇರಲಿಲ್ಲ. ಮಲಗುವ ಕೋಣೆಗೂ ಇರಲಿಲ್ಲ. ಇದ್ದ ಒಂದೇ ಹೊರಬಾಗಿಲಿಗೆ ಹೊರಗಡೆ ಒಂದು ಕೊಂಡಿ ಇತ್ತು, ಎಲ್ಲರೂ ಊರಿಗೆ ಹೋದಾಗ ಬೀಗ ಹಾಕಲಿಕ್ಕೆ. ಒಳಗಡೆ ಏನೂ ಇಲ್ಲ. ರಾತ್ರಿ ಆ ಬಾಗಿಲಿಗೆ ಒಂದು ಸ್ಟೂಲು ಒರಗಿಸಿ, ಅದರ ಮೇಲೆ ಖಾಲಿ ಪಾತ್ರೆ ಇಟ್ಟು ಮಲಗುತ್ತಿದ್ದರು.

"ಕಳ್ಳ ಬಂದ್ರೆ ಪಾತ್ರೆ ಬೀಳುತ್ತೆ ಅಜ್ಜಿ," ಎಂದು ಮೊಮ್ಮಗಳು ವಿವರಿಸಿದಳು.

"ಬಿದ್ದ ಪಾತ್ರೇನೂ ಎತ್ಕೊಂಡು ಹೋಗ್ತಾನೆ," ಎಂದಳು ವಾರ್ಡನಮ್ಮ.

ವಾರ್ಡನಮ್ಮ ಎಂಬುದು ಹೆತ್ತವರು ಇಟ್ಟ ಹೆಸರೇನಲ್ಲ. ಕೆಲಸಕ್ಕೆ ಹೋಗುವ ಹುಡುಗಿಯರ ಹಾಸ್ಟೆಲಿನಲ್ಲಿ ತಲೆ ನೆರೆಯುವ ತನಕ ವಾರ್ಡನ್ ಆಗಿದ್ದವಳನ್ನು ಜನ ಇನ್ನೇನೆಂದು ಕರೆದಾರು? ಕತ್ತಲಾಗುತ್ತಲೂ ಗೇಟಿಗೆ ಬೀಗ, ಮಹಡಿಯ ಬಾಗಿಲಿಗೆ ಬೀಗ, ಉಗ್ರಾಣಕ್ಕೆ ಬೀಗ. ಒಂದು ಸಲ ಎಳೆದು ನೋಡಿ, ಇನ್ನೊಂದು ಸಲ ಎಳೆದು ನೋಡಿದ ಮೇಲೆಯೇ ಆಕೆಗೆ ಗಂಟಲಲ್ಲಿ ತುತ್ತು ಇಳಿಯುತ್ತಿದ್ದುದು. ಈಗ ಕಾಯಲಿಕ್ಕೆ ಒಂದು ಟ್ರಂಕು ಮಾತ್ರ ಉಳಿದಿತ್ತು. ಆದರೂ ಸೊಂಟದ ಬೀಗದಕೈ ಗೊಂಚಲು ಬಡವಾಗಿರಲಿಲ್ಲ. ತಂಗಿಯ ಮನೆಯಲ್ಲಿದ್ದವಳು ಮೊಣಕಾಲು ತೋರಿಸಿಕೊಂಡು ಹೋಗೋಣವೆಂದು ಮಗನ ಮನೆಗೆ ಬಂದಿದ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗುವಷ್ಟರಲ್ಲಿ ಲಾಕ್‌ಡೌನ್ ಬಂತು. ಬಸ್ಸಿಲ್ಲ, ರೈಲಿಲ್ಲ. ನೆಂಟಳಾಗಿ ಬಂದವಳು ಮನೆಯವಳಾಗಿ ಕೂತಳು.

ಸೊಸೆ ಹೊಲಿಗೆಯವಳು. ಹಿಂದಿನ ಬೀದಿಯ ಟೈಲರ್ ಅಂಗಡಿಯಲ್ಲಿ, ಹಗಲೆಲ್ಲ ತೆರೆದಿರುವ ಶಟರಿನ ಪಕ್ಕದಲ್ಲೇ ಅವಳ ಮಷೀನು. ಮದುವೆಗೆ ಮುಂಚೆ ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿದ್ದಳು. ಅಲ್ಲಿಗೆ ಬೆಂಕಿ ಬಿತ್ತು. ಅವಳಿದ್ದ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬದುಕಿ ಬಂದ ಕೆಲವರಲ್ಲಿ ಅವಳೊಬ್ಬಳು. ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿದೆ. ಇಷ್ಟು ಎಲ್ಲರಿಗೂ ಗೊತ್ತು. ಇದಕ್ಕಿಂತ ಹೆಚ್ಚಿಗೆ ಅವಳು ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ಮದುವೆಯಾದ ಹೊಸತರಲ್ಲೇ ಗಂಡ ಸ್ಕ್ರೂಡ್ರೈವರ್ ಹಿಡಿದು ಮನೆಯ ಚಿಲಕಗಳನ್ನೆಲ್ಲ ಕಿತ್ತುಹಾಕಿದ. ಅವನು ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಚಿಲಕ ಕೀಳುವುದು ಅವನಿಗೆ ಒಂದು ಕೆಲಸವೇ? ಆಮೇಲೆ ಸಂಸಾರ ಚೆನ್ನಾಗಿಯೇ ನಡೆದಿತ್ತು. ಸೊಸೆ ನಗುತ್ತಿದ್ದಳು, ಗಂಡನೊಂದಿಗೆ ಜಗಳವಾಡುತ್ತಿದ್ದಳು, ಮಗಳಿಗೆ ಬೈಯುತ್ತಿದ್ದಳು. ಎಲ್ಲರ ಮನೆಯ ಹಾಗೆ.

ಲಾಕ್‌ಡೌನ್ ಶುರುವಾದ ಮೇಲೆ ವಾರ್ಡನಮ್ಮನಿಗೆ ಕಂಡ ಸೊಸೆಯೇ ಬೇರೆ. ಕೂತಲ್ಲಿ ಕೂರಳು. ಅನ್ನಕ್ಕಿಟ್ಟು ಹೋಗಿ ಬಾಗಿಲು ತೆರೆದು ನೋಡುತ್ತಾಳೆ. ಪಾತ್ರೆ ತೊಳೆಯುತ್ತ ಅರ್ಧಕ್ಕೆ ಎದ್ದು ಮತ್ತೆ ಹೋಗಿ ನೋಡುತ್ತಾಳೆ. ತರಕಾರಿಗೆ ಒಂದು ದಿನ ಎರಡೆರಡು ಸಲ ಉಪ್ಪು, ಇನ್ನೊಂದು ದಿನ ಉಪ್ಪೇ ಇಲ್ಲ.

"ಬಾಗಿಲೇನು ಓಡಿಹೋಗುತ್ತಾ ತಾಯಿ, ಅಷ್ಟು ಸಲ ನೋಡ್ತೀಯಲ್ಲ?"

"ಸೆಖೆ ಅತ್ತೆ. ಗಾಳಿ ಬರ್ಲಿ ಅಂತ."

"ಗಾಳೀಲೇ ಬರೋದಂತೆ ಆ ರೋಗ. ಟೀವಿಲಿ ಬಡ್ಕೋತಾ ಇದಾರೆ, ಕೇಳಿಸ್ಲಿಲ್ವಾ?"

ಸೊಸೆ ಬಾಗಿಲನ್ನು ಇನ್ನಷ್ಟು ಅಗಲ ತೆರೆದಳು. ವಾರ್ಡನಮ್ಮನಿಗೆ ಅದು ಬೇಕೆಂದೇ ಮಾಡಿದ ಹಾಗೆ ಕಂಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗೊಣಗಿಕೊಂಡು ಮೂಗಿನ ಮೇಲೆ ಸೆರಗು ಹೊದ್ದು ಮೂಲೆಗೆ ಸರಿದಳು.

ಟೈಲರ್ ಅಂಗಡಿಯ ಯಜಮಾನ ಬಟ್ಟೆಯ ಥಾನುಗಳನ್ನೂ ಎಲಾಸ್ಟಿಕ್ಕಿನ ಉಂಡೆಗಳನ್ನೂ ಮನೆಗೇ ಕಳಿಸಿದ. ಊರಿಗೆ ಊರೇ ಮಾಸ್ಕು ಬೇಕೆನ್ನುತ್ತಿತ್ತು. ಸೊಸೆ ಬಾಗಿಲ ಪಕ್ಕಕ್ಕೆ ಮಷೀನು ಹಾಕಿಕೊಂಡು ಬೆಳಗಿನಿಂದ ಬೈಗಿನವರೆಗೆ ತುಳಿದಳು. ಕುರ್ಚಿಯ ಮೇಲೆ ಮಾಸ್ಕು, ಮಂಚದ ಕೆಳಗೆ ಮಾಸ್ಕು, ಒಮ್ಮೆ ಅಕ್ಕಿ ಡಬ್ಬಿಯೊಳಗೂ ಒಂದು ಸಿಕ್ಕಿತು. ಹೊಲಿದವಳ ಮುಖಕ್ಕೆ ಮಾತ್ರ ಒಂದೂ ಏರಲಿಲ್ಲ. ಮಗಳು ಬಲವಂತ ಮಾಡಿದಾಗ ಒಂದು ಸಲ ಕಿವಿಗೆ ಸಿಕ್ಕಿಸಿಕೊಂಡಳು. ಎರಡು ಉಸಿರು ಎಳೆದಳೋ ಇಲ್ಲವೋ, ಕಿತ್ತೆಸೆದು ಹೊರಗೆ ಓಡಿ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡಳು.

"ಹೊಗೆ ವಾಸನೆ," ಎಂದಳು.

ವಾರ್ಡನಮ್ಮ ಆ ಮಾಸ್ಕನ್ನು ಎತ್ತಿ ಮೂಸಿ ನೋಡಿದಳು. ಹೊಸ ಬಟ್ಟೆ. ಗಂಜಿ ಹಾಕಿದ ವಾಸನೆ ಬಿಟ್ಟರೆ ಇನ್ನೇನೂ ಇರಲಿಲ್ಲ.

ಇನ್ನೊಂದು ದಿನ ಸೊಸೆ ಸೆರಗನ್ನೇ ಮುಖಕ್ಕೆ ಹಿಡಿದುಕೊಂಡು ಅಂಗಡಿಗೆ ಹೋದಳು. ಚೀಲ ಹಿಡಿಯುವಾಗ ಸೆರಗು ಜಾರಿತು. ಸಾಲಿನಲ್ಲಿದ್ದವರು ಹಾವು ಕಂಡವರಂತೆ ಚದುರಿ ಕೂಗಾಡಿದರು. ಪೊಲೀಸಿನವನೊಬ್ಬ ಲಾಠಿಯಿಂದ ಚೀಲಕ್ಕೆ ಬಡಿದ. ಚೀಲದಲ್ಲಿದ್ದ ಮೊಟ್ಟೆಗಳೆಲ್ಲ ಒಡೆದುಹೋದವು. ಸೊಸೆ ಸೋರುವ ಚೀಲ ಹಿಡಿದುಕೊಂಡು ಬರಿಮುಖದಲ್ಲೇ ಮನೆಗೆ ಬಂದಳು.

ಅಂದಿನ ಊಟಕ್ಕೆ ಅನ್ನ, ಬೇಳೆ, ಜೊತೆಗೆ ಜಗಳ.

"ಮನೇಲಿ ಸಕ್ಕರೆ ಕಾಯಿಲೆ ಮುದುಕಿ ಇದಾಳೆ ಅಂತ ಗೊತ್ತಿದ್ದೂ ಹಾಗೇ ತಿರುಗ್ತೀಯ. ನನ್ನ ಪ್ರಾಣ ಅಷ್ಟು ಅಗ್ಗನಾ?"

"ಇನ್ಮೇಲೆ ನಾನು ಅಂಗಡಿಗೆ ಹೋಗಲ್ಲ ಅತ್ತೆ."

"ನೀನು ಹೋಗದಿದ್ರೇನು, ಬಾಗಿಲು ಹಾರುಹೊಡೆದು ಕೂತಿರ್ತೀಯಲ್ಲ. ಬೀದೀನೇ ಮನೆಗೆ ಬರುತ್ತೆ."

"ಅಮ್ಮಾ, ಊಟ ಮಾಡು," ಎಂದ ಮಗ.

"ಮಾಡ್ತೀನಿ ಕಣೋ. ಮೊದಲು ಒಂದು ಚಿಲಕ ತಂದು ಹಾಕು."

ಮಗ ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು."

"ನಂಗೂ ಬೇಕು ಚಿಲಕ," ಎಂದಳು ಮೊಮ್ಮಗಳು. ಎಲ್ಲರೂ ಅವಳ ಕಡೆ ತಿರುಗಿದರು. ಕಾಲೇಜಿಗೆ ಸೇರಿದ ವರ್ಷವೇ ಕಾಲೇಜು ಫೋನಿನೊಳಕ್ಕೆ ಬಂದು ಕೂತಿದ್ದ ಹುಡುಗಿ. "ಕ್ಲಾಸ್ ನಡೀವಾಗ ಅಮ್ಮ ಬಾಗಿಲು ತಳ್ಕೊಂಡು ಬಂದು 'ಇದೀಯಾ?' ಅಂತಾಳೆ. ಗಳಿಗೆಗೊಂದು ಸಲ 'ಇದೀಯಾ?' ಮೇಷ್ಟ್ರು ಹಾಜರಿ ಕರೆಯೋ ಮುಂಚೆ ಎಲ್ರೂ 'ಇದೀಯಾ' ಅಂತ ನನ್ನ ಆಡ್ಕೋತಾರೆ."

"ಇದೀಯಾ ಅಂದ್ರೆ ಇದೀನಿ ಅನ್ನು. ಅಷ್ಟೇ ತಾನೆ ನಾನು ಕೇಳೋದು," ಎಂದಳು ತಾಯಿ.

"ಇನ್ನೆಲ್ಲಿಗೆ ಹೋಗ್ಲಿ? ಲಾಕ್‌ಡೌನಲ್ಲಿ ಹಾರಿ ಹೋಗ್ಲಾ?"

ಸೊಸೆ ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲ ಬಳಿ ಕೂತು ಉಂಡಳು. ವಾರ್ಡನಮ್ಮ ಮೊಮ್ಮಗಳ ಅನ್ನದ ಮೇಲೆ ಇನ್ನೊಂದು ಸೌಟು ಬೇಳೆ ಬಡಿಸಿದಳು. ಈ ವಿಷಯದಲ್ಲಿ ಮನೆಯೊಳಗೆ ತನ್ನ ಪಕ್ಷಕ್ಕೆ ಒಬ್ಬಳು ಸಿಕ್ಕಿದ್ದು ಆಕೆಗೆ ಸಮಾಧಾನವೇ ಆಗಿತ್ತು.

ಆ ಸಮಾಧಾನ ಮೊಮ್ಮಗಳ ಪರೀಕ್ಷೆಯ ದಿನದವರೆಗೆ ಬಾಳಿತು. ಚಿಲಕ ಸಿಗದ ಹುಡುಗಿ ತನ್ನ ವೇಲನ್ನು ಬಾಗಿಲ ಹಿಡಿಗೆ ಬಿಗಿದು, ಇನ್ನೊಂದು ತುದಿಯನ್ನು ಬಾಗಿಲ ಪಕ್ಕದಲ್ಲೇ ಇದ್ದ ಮಂಚದ ಕಾಲಿಗೆ ಕಟ್ಟಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂತಳು. ತಾಯಿ ಬಂದು ಬಾಗಿಲು ತಳ್ಳಿದಳು. ಬಾಗಿಲು ಬೆರಳಗಲ ಸರಿದು ನಿಂತಿತು.

"ಇದೀಯಾ?"

ಉತ್ತರವಿಲ್ಲ.

"ಇದೀಯಾ? ಇದೀಯೇನೇ?"

ಅಡುಗೆಮನೆಯಲ್ಲಿದ್ದ ವಾರ್ಡನಮ್ಮ ಸದ್ದು ಕೇಳಿ ಬರುವಷ್ಟರಲ್ಲಿ ಸೊಸೆ ಭುಜ ಕೊಟ್ಟು ಬಾಗಿಲಿಗೆ ಗುದ್ದುತ್ತಿದ್ದಳು. ಕೂಗಿಲ್ಲ, ಅಳುವಿಲ್ಲ. ಕಣ್ಣು ತೆರೆದೇ ಇತ್ತು, ಆದರೆ ಎದುರಿಗೆ ಬಂದ ಅತ್ತೆ ಆ ಕಣ್ಣಿಗೆ ಬೀಳಲಿಲ್ಲ. ತೋಳು ಹಿಡಿಯಹೋದ ವಾರ್ಡನಮ್ಮನನ್ನು ಒಂದೇ ನೂಕಿಗೆ ನೂಕಿದಳು. ಮುದುಕಿ ಹೋಗಿ ಅಕ್ಕಿ ಡಬ್ಬಿಯ ಮೇಲೆ ಬಿದ್ದಳು. ಒಳಗಿನ ಹುಡುಗಿ ಗಾಬರಿಯಾಗಿ ಗಂಟು ಬಿಚ್ಚಿದಳು. ತಾಯಿ ಅವಳ ಮಣಿಕಟ್ಟು ಹಿಡಿದು ಬರಿಗಾಲಲ್ಲೇ ಬೀದಿಗೆ ಎಳೆದುಕೊಂಡು ಹೋಗಿ, ದೀಪದ ಕಂಬದ ಕೆಳಗೆ ಕೂರಿಸಿ ತಾನೂ ಕೂತಳು. ಯಾರು ಕರೆದರೂ ಒಳಗೆ ಬರಲಿಲ್ಲ. ಗಂಡ ಕೆಲಸ ಮುಗಿಸಿ ಬಂದ ಮೇಲೆಯೇ ಎದ್ದಳು. ಹುಡುಗಿಯ ಪರೀಕ್ಷೆ ಅರ್ಧಕ್ಕೇ ನಿಂತಿತ್ತು. ಇನ್ನೊಮ್ಮೆ ಬರೆಯಲು ಕೈಕಾಲು ಹಿಡಿದು ಒಪ್ಪಿಗೆ ಪಡೆಯಬೇಕಾಯಿತು.

ಸಂಜೆ ಮೆಟ್ಟಿಲ ಮೇಲೆ ಮಗನೂ ತಾಯಿಯೂ ಕೂತರು. ವಾರ್ಡನಮ್ಮ ನೊಂದ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಇಷ್ಟು ವರ್ಷ ಸರಿ ಇದ್ಲಲ್ಲೋ."

"ಇದ್ಲು. ಬೆಳಗ್ಗೆ ಎದ್ದು ಹೊಸ್ತಿಲು ದಾಟಿ ಕೆಲಸಕ್ಕೆ ಹೋಗ್ತಿದ್ಲು, ಅದಕ್ಕೇ ಸರಿ ಇದ್ಲು. ಈಗ ಹೊರಗೆ ಹೋಗ್ಬೇಡ ಅಂತಾರೆ. ಮೂಗಿಗೆ ಬಟ್ಟೆ ಕಟ್ಕೋ ಅಂತಾರೆ. ಟೀವಿ ಹಾಕಿದ್ರೆ ಉಸಿರು ಸಿಗದೆ ಸತ್ತವರ ಸುದ್ದಿ. ನಮಗೆ ಇದು ಹೊಸದು ಅಮ್ಮ. ಅವಳಿಗೆ ಎರಡನೇ ಸಲ."

"ಡಾಕ್ಟರಿಗೆ ತೋರಿಸ್ಬಾರ್ದಾ?"

"ಫೋನಲ್ಲಿ ಮಾತಾಡ್ಸಿದೆ. ಹಳೇ ಗಾಯ ಎದ್ದಿದೆ, ಈಗ ತುಂಬಾ ಜನಕ್ಕೆ ಹೀಗಾಗ್ತಿದೆ ಅಂದ್ರು. ಮಾತ್ರೆ ಬರೆದಿದಾರೆ. ಇವಳು ನುಂಗಲ್ಲ. ನುಂಗಿದ್ರೆ ನಿದ್ದೆ ಬರುತ್ತೆ, ನಾನು ನಿದ್ದೆ ಮಾಡಿದ್ರೆ ಬಾಗಿಲು ಯಾರು ನೋಡ್ತಾರೆ ಅಂತಾಳೆ."

ವಾರ್ಡನಮ್ಮ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. ಸೊಸೆ ಸೊಕ್ಕಿನಿಂದ ಬಾಗಿಲು ತೆರೆಯುತ್ತಾಳೆ ಎಂದುಕೊಂಡಿದ್ದಳು. ಆ ಹೆಣ್ಣು ಇಷ್ಟು ದಿನದಿಂದ ಕಣ್ಣು ಮುಚ್ಚಿಲ್ಲವೆಂಬುದು ಆಕೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಬಾಯಿ ಬಿಟ್ಟು ಹಾಗೆನ್ನುವ ಜಾಯಮಾನ ಆಕೆಯದಲ್ಲ.

ಮರುದಿನ ಊಟವಾದ ಮೇಲೆ ಬಟಾಣಿಯ ಬುಟ್ಟಿ ಹಿಡಿದು ಹೊಸ್ತಿಲಿಗೆ ಬಂದು ಕಾಲು ಚಾಚಿ ಕೂತಳು.

"ಹೋಗು, ಮಾತ್ರೆ ನುಂಗಿ ಮಲಗು. ಬಾಗಿಲು ನಾನು ನೋಡ್ಕೋತೀನಿ."

ಸೊಸೆ ನಂಬದೆ ನಿಂತಳು.

"ಏನು ನೋಡ್ತೀಯ? ಊರಿನ ಹೆಣ್ಮಕ್ಕಳನ್ನೆಲ್ಲ ಕಾದಿದೀನಿ, ನಿನ್ನೊಬ್ಬಳನ್ನ ಕಾಯೋಕಾಗಲ್ವಾ?"

ಸೊಸೆ ಮಲಗಿದಳು. ಅವತ್ತು ಎಚ್ಚರವಾದಾಗೆಲ್ಲ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ವಾರ್ಡನಮ್ಮ ಅಲ್ಲೇ ಬಟಾಣಿ ಬಿಡಿಸುತ್ತಿದ್ದಳು. ನಾಲ್ಕಾರು ದಿನ ಕಳೆದ ಮೇಲೆ ತಲೆ ಎತ್ತುವುದನ್ನೂ ಬಿಟ್ಟಳು. ಮಧ್ಯಾಹ್ನದ ಹೊತ್ತು ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ತರಕಾರಿಗೆ ಉಪ್ಪು ಹದಕ್ಕೆ ಬಂತು. "ಅಜ್ಜಿ, ನೀನು ಅಮ್ಮಂಗೆ ಏನ್ ಮಾಟ ಮಾಡ್ದೆ?" ಎಂದು ಮೊಮ್ಮಗಳು ಕೇಳಿದ್ದಕ್ಕೆ ವಾರ್ಡನಮ್ಮ ಹಿಗ್ಗಿದಳು. ಈ ಮನೆಗೆ ತಾನು ಬಂದದ್ದು ಸಾರ್ಥಕವಾಯಿತು ಎಂದುಕೊಂಡಳು.

ಆಗಲೇ ಮಗನಿಗೆ ಜ್ವರ ಬಂತು. ಆಸ್ಪತ್ರೆಗಳಿಗೆ ಕರೆಂಟು ಹೋಗಬಾರದೆಂದು ಹಗಲೂ ರಾತ್ರಿ ಕಂಬ ಹತ್ತುತ್ತಿದ್ದವನು; ಜೊತೆಯಲ್ಲಿದ್ದ ಯಾರಿಂದಲೋ ಅಂಟಿತ್ತು. ಪರೀಕ್ಷೆ ಮಾಡಿದವರು ಅವನನ್ನು ಊರಾಚೆಯ ಆರೈಕೆ ಕೇಂದ್ರಕ್ಕೆ ಕರೆದೊಯ್ದರು. ಮೂವರು ಹೆಂಗಸರನ್ನೂ ಪರೀಕ್ಷಿಸಿ, ರೋಗ ಅಂಟಿಲ್ಲವೆಂದು ಹೇಳಿ, ಹಾಲು ರೇಷನ್ನು ಬಿಟ್ಟರೆ ಇನ್ಯಾವುದಕ್ಕೂ ಹೊರಬರಬೇಡಿ ಎಂದು ಎಚ್ಚರಿಸಿದರು. ಗಂಡನನ್ನು ಹತ್ತಿಸಿಕೊಂಡ ಗಾಡಿಯ ಹಿಂಬಾಗಿಲು ಧಡ್ಡೆಂದು ಮುಚ್ಚಿದಾಗ ಸೊಸೆ ಗೋಡೆ ಹಿಡಿದುಕೊಂಡಳು.

ಎರಡು ದಿನ ಬಿಟ್ಟು ಅವಳು ಯಾರಿಗೂ ಹೇಳದೆ ಅವನನ್ನು ನೋಡಲು ನಡೆದೇ ಹೊರಟುಬಿಟ್ಟಳು, ಬರಿಮುಖದಲ್ಲಿ. ನಾಕಾಬಂದಿಯಲ್ಲಿ ಪೊಲೀಸರು ಹಿಡಿದು ಜೀಪಿನಲ್ಲಿ ತಂದು ಬಿಟ್ಟರು.

"ಇನ್ನೊಂದ್ಸಲ ಸಿಕ್ಕಿ ಬಿದ್ರೆ ಕೇಸ್ ಹಾಕ್ತೀವಿ. ಒಳಗೆ ಕೂರಿಸ್ತೀವಿ," ಎಂದ ಇನ್‌ಸ್ಪೆಕ್ಟರು ಸೊಸೆಗಲ್ಲ, ವಾರ್ಡನಮ್ಮನಿಗೆ. "ನೀವು ಹಿರಿಯರಲ್ವಾ? ನೋಡ್ಕೊಳ್ಳೋಕಾಗಲ್ವಾ?"

ಜೀವಮಾನದಲ್ಲಿ ಯಾರೂ ವಾರ್ಡನಮ್ಮನನ್ನು ಆ ಮಾತು ಕೇಳಿರಲಿಲ್ಲ. ಒಳಗೆ ಕೂರಿಸಿದರೆ, ಅಲ್ಲಿ ಬಾಗಿಲು ಹಾಕಿದರೆ, ಈ ಹುಡುಗಿ ಒಂದು ಹಗಲು ಬದುಕುವುದಿಲ್ಲ. ಆ ಭಯ ಆಕೆಯ ಎದೆಯಲ್ಲಿ ಕೂತುಬಿಟ್ಟಿತು. ಸೊಸೆ ಎದ್ದರೆ ತಾನೂ ಎದ್ದಳು, ಕೂತರೆ ತಾನೂ ಕೂತಳು. ಮಗ ಸಂಜೆಗೆ ಫೋನು ಮಾಡುತ್ತಿದ್ದ. ಕೆಮ್ಮುತ್ತ ಹೆಂಡತಿಯನ್ನು ಮೊದಲು ಕೇಳುತ್ತಿದ್ದುದು ಒಂದೇ: "ಬಾಗಿಲು ತೆರೆದಿದೆ ತಾನೆ?"

"ತೆರೆದಿದೆ. ಅತ್ತೆ ಕೂತಿದಾರೆ."

ಆ ದಿನ ಮೊಮ್ಮಗಳು ಅರ್ಧಕ್ಕೆ ಬಿಟ್ಟ ಪರೀಕ್ಷೆಯನ್ನು ಮತ್ತೆ ಬರೆಯುತ್ತಿದ್ದಳು. ಇಯರ್‌ಫೋನು ಕಿವಿಯಲ್ಲಿತ್ತು, ಕೋಣೆಯ ಬಾಗಿಲು ಓರೆಯಾಗಿತ್ತು. ಸೊಸೆ ಮಾತ್ರೆ ನುಂಗಿ ಹಜಾರದಲ್ಲಿ ಮಲಗಿದ್ದಳು. ಬೀದಿಯ ತುದಿಯಲ್ಲಿ ಹಾಲಿನ ವ್ಯಾನು ಹಾರ್ನ್ ಹೊಡೆಯಿತು. ಹಿಂದಿನ ದಿನ ವ್ಯಾನು ಬಂದಿರಲಿಲ್ಲ. ಮನೆಯಲ್ಲಿ ತೊಟ್ಟು ಹಾಲಿರಲಿಲ್ಲ. ಪರೀಕ್ಷೆಯ ಹುಡುಗಿಯನ್ನು ಎಬ್ಬಿಸುವಂತಿಲ್ಲ. ವಾರ್ಡನಮ್ಮ ಎದ್ದು ಮಾಸ್ಕು ಹಾಕಿಕೊಂಡು ಮಲಗಿದವಳನ್ನು ನೋಡಿದಳು. ನಿದ್ದೆಗಣ್ಣಲ್ಲಿ ಎದ್ದು ಮತ್ತೆ ನಡೆದುಬಿಟ್ಟರೆ? ಇನ್‌ಸ್ಪೆಕ್ಟರನ ಮಾತು ನೆನಪಾಯಿತು. ಹೋಗಿ ಬರುವುದು ಎರಡು ನಿಮಿಷದ ಕೆಲಸ.

ಟ್ರಂಕಿನ ಬೀಗ ತೆಗೆದು ಹೊರಗಿನ ಕೊಂಡಿಗೆ ಹಾಕಿದಳು. ಮಲಗಿದ ಹುಡುಗಿಯರಿರುವ ಮನೆಯನ್ನು ಹಾಗೇ ಬಿಟ್ಟು ಹೋಗುವುದು ಆ ಕೈಗೆ ಗೊತ್ತಿರಲಿಲ್ಲ. ಒಂದು ಸಲ ಎಳೆದು ನೋಡಿದಳು. ಇನ್ನೊಂದು ಸಲ ಎಳೆದು ನೋಡಿದಳು.

ಹಾಲು ಕೊಂಡು ತಿರುಗುವಷ್ಟರಲ್ಲಿ ಬೀದಿಯ ಬಾಯಿಗೆ ಬಿದಿರಿನ ಗಳು ಅಡ್ಡ ಬಿದ್ದಿತ್ತು. ನಾಲ್ಕೈದು ಹುಡುಗರು ಹಗ್ಗ ಬಿಗಿಯುತ್ತಿದ್ದರು. ಇಬ್ಬರು ತಗಡಿನ ಶೀಟು ಹೊತ್ತು ತಂದರು.

"ಈ ಬೀದಿ ಸೀಲ್ ಆಯ್ತು ಅಜ್ಜಿ. ಆ ಕೊನೇ ಮನೇಲಿ ಮೂರು ಜನಕ್ಕೆ ಬಂದಿದೆ."

"ಆಗ್ಲಿ ಬಿಡಪ್ಪ. ನನ್ನ ಮನೆ ಅಲ್ಲಿದೆ, ಬಿಡು ಹೋಗ್ತೀನಿ."

"ಒಳಗಿದ್ದೋರು ಒಳಗೆ, ಹೊರಗಿದ್ದೋರು ಹೊರಗೆ. ಆಫೀಸರ್ ಬರೋ ತನಕ ಯಾರನ್ನೂ ಬಿಡೋ ಹಾಗಿಲ್ಲ."

"ಯಾವಾಗ ಬರ್ತಾನೆ ನಿನ್ನ ಆಫೀಸರು?"

"ಬರ್ತಾರೆ. ಆ ಕಟ್ಟೆ ಮೇಲೆ ಕೂತಿರಿ."

"ಮನೆಗೆ ಬೀಗ ಹಾಕಿದೀನೋ ಮಗಾ!"

"ಒಳ್ಳೇದೇ ಆಯ್ತಲ್ಲ. ಬೀಗ ಹಾಕಿದ್ರೆ ಭಯ ಏನು?"

ಅದು ವಾರ್ಡನಮ್ಮನದೇ ಮಾತು. ಹಾಸ್ಟೆಲಿಗೆ ಹುಡುಗಿಯರನ್ನು ಬಿಡಲು ಬಂದ ತಾಯಂದಿರಿಗೆಲ್ಲ ಆಕೆ ಹೇಳುತ್ತಿದ್ದುದೇ ಅದು.

ಅಷ್ಟರಲ್ಲಿ ಬೀದಿಯ ಒಳಗಿನಿಂದ ಸದ್ದು ಬಂತು. ಮರಕ್ಕೆ ಕಬ್ಬಿಣ ಬಡಿಯುವ ಸದ್ದು. ಹಗ್ಗ ಬಿಗಿಯುತ್ತಿದ್ದ ಹುಡುಗ ತಲೆ ಎತ್ತಿ, "ಈ ಹೊತ್ತಲ್ಲಿ ಯಾರೋ ಮರಗೆಲಸ ಹಚ್ಕೊಂಡಿದಾರೆ," ಎಂದ. ವಾರ್ಡನಮ್ಮ ಹಾಲಿನ ಪ್ಯಾಕೆಟ್ಟುಗಳನ್ನು ಅಲ್ಲೇ ಬಿಸಾಡಿದಳು. ಡಾಕ್ಟರು ನೆಲದ ಮೇಲೆ ಕೂರಲೂ ಬೇಡವೆಂದಿದ್ದ ಮೊಣಕಾಲನ್ನು ರಸ್ತೆಗೆ ಊರಿ, ಅಂಬೆಗಾಲಿಟ್ಟು ಗಳುವಿನ ಕೆಳಗೆ ನುಸುಳಿದಳು. ತಗಡಿನ ಅಂಚಿಗೆ ಸೀರೆ ಸಿಕ್ಕಿ ಪರ್ರೆಂದಿತು. ಹಿಂದಿನಿಂದ ಸೀಟಿ ಊದಿದರು, "ಅಜ್ಜೀ, ಅಜ್ಜೀ" ಎಂದು ಕೂಗಿದರು. ಆಕೆ ಓಡಿದಳು. ಓಡಿದಳೆನ್ನುವುದು ದೊಡ್ಡ ಮಾತು. ಗೋಡೆ ಹಿಡಿದು, ಗೇಟು ಹಿಡಿದು, ಕಾಲೆಳೆದುಕೊಂಡು ಹೋದಳು. ಮಾಸ್ಕಿನೊಳಗೆ ಉಸಿರು ಸಾಲಲಿಲ್ಲ, ಕಿತ್ತೆಸೆದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ, ನಾನೇ ಹಾಕಿದೆನಲ್ಲ, ನಾನೇ ಹಾಕಿದೆನಲ್ಲ ಎಂದುಕೊಳ್ಳುತ್ತಲೇ ಹೋದಳು.

ಬಾಗಿಲು ಒಳಗಿನ ಏಟಿಗೆ ಅದುರುತ್ತಿತ್ತು. ಮೊಮ್ಮಗಳು ಕಿಟಕಿಯ ಸರಳು ಹಿಡಿದು ಕಿರುಚುತ್ತಿದ್ದಳು. "ಅಜ್ಜೀ, ಬೇಗ ತೆಗಿ! ಅಮ್ಮ ಕೈ ಕತ್ತರಿಸ್ಕೊಂಡಿದಾಳೆ!"

ಕತ್ತಲಲ್ಲೂ ಬೇಕಾದ ಬೀಗದಕೈಯನ್ನು ಹುಡುಕಿ ತೆಗೆಯುತ್ತಿದ್ದ ಬೆರಳುಗಳು ಗೊಂಚಲಿನಲ್ಲಿ ತಡಕಾಡಿದವು. ಮೊದಲನೆಯದು ತಪ್ಪು. ಎರಡನೆಯದೂ ತಪ್ಪು. ಗೊಂಚಲು ಕೆಳಗೆ ಬಿತ್ತು. ಎತ್ತಿಕೊಂಡಳು. "ಬಂದೆ ಕಣೇ, ಬಂದೆ, ಇಲ್ಲೇ ಇದೀನಿ," ಎನ್ನುತ್ತ ಮತ್ತೆ ಹಾಕಿದಳು. ತೆರೆಯಿತು.

ಸೊಸೆಯ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು. ಬಾಗಿಲ ಹಲಗೆಯಲ್ಲಿ ಬೆಳಕು ಬರುವಷ್ಟು ತೂತು ಬಿದ್ದಿತ್ತು. ಅವಳು ಅತ್ತೆಯನ್ನು ದಾಟಿಕೊಂಡು ಹೋಗಿ ಬೀದಿಯ ನಡುವೆ ಕುಕ್ಕರಿಸಿ ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಸೀಟಿ ಊದುತ್ತ ಹುಡುಗರು ಓಡಿ ಬಂದರು.

"ಮಾಸ್ಕ್ ಹಾಕಮ್ಮಾ! ಇಬ್ರೂ ಮಾಸ್ಕ್ ಹಾಕಿ! ಒಳಗೆ ನಡೀರಿ!"

ವಾರ್ಡನಮ್ಮ ಕೈ ಅಗಲಿಸಿ ಅಡ್ಡ ನಿಂತಳು. "ದೂರ ನಿಲ್ರೋ! ಅದೇ ತಾನೆ ನಿಮ್ಮ ಕಾನೂನು, ದೂರ ನಿಲ್ಲೋದು? ನಿಲ್ಲಿ ಮತ್ತೆ. ಅವಳ ಹತ್ರ ಒಬ್ಬ ಬಂದ್ರೂ ಅವನ ಮೇಲೆ ಕೆಮ್ತೀನಿ ನೋಡಿ!"

ಹುಡುಗರು ನಿಂತರು. ಹಾಸ್ಟೆಲಿನ ಗೋಡೆ ಹಾರಲು ಬಂದ ಪುಂಡರನ್ನು ನಿಲ್ಲಿಸಿದ್ದ ಗಂಟಲು ಅದು. ಮೊಮ್ಮಗಳು ಹಳೇ ಬಟ್ಟೆ ತಂದು ತಾಯಿಯ ಅಂಗೈಗೆ ಸುತ್ತಿದಳು. ವಾರ್ಡನಮ್ಮ ಸೊಸೆಯ ಪಕ್ಕದಲ್ಲಿ ರಸ್ತೆಯ ಮೇಲೇ ಕೂತಳು.

"ಎರಡು ನಿಮಿಷ ಅಂತ ಹೋದೆ ಕಣೇ."

ಸೊಸೆ ರಸ್ತೆಯನ್ನೇ ನೋಡುತ್ತ, ಯಾರಿಗೂ ಹೇಳದ್ದನ್ನು ಹೇಳಿದಳು.

"ಅವತ್ತು ಬೀಗದಕೈ ನಮ್ಮ ಸೂಪರ್‌ವೈಸರಮ್ಮನ ಹತ್ರ ಇತ್ತು. ಕೆಟ್ಟವಳಲ್ಲ ಅತ್ತೆ. ನನಗೆ ಜ್ವರ ಬಂದಾಗ ತನ್ನ ಡಬ್ಬೀನೇ ಕೊಟ್ಟಿದ್ಲು. ದಿನಾ ಹಾಕೋ ಹಾಗೆ ಬೀಗ ಹಾಕಿ ಊಟಕ್ಕೆ ಹೋದ್ಲು. ಬೆಂಕಿ ಅಂತ ಕೇಳಿ ರಸ್ತೆ ತಿರುವಿನ ತನಕ ವಾಪಸ್ ಬಂದ್ಲಂತೆ. ಹೊಗೆ ನೋಡಿ ಅಲ್ಲೇ ನಿಂತ್ಬಿಟ್ಲಂತೆ. ಬೀಗದಕೈ ಸೊಂಟದಲ್ಲೇ ಇತ್ತಂತೆ." ಅವಳು ಉಸಿರು ತೆಗೆದುಕೊಂಡಳು. "ನೀವು ಬಂದ್ರಿ."

ಅದಕ್ಕಿಂತ ಒಂದು ಏಟು ಹೊಡೆದಿದ್ದರೆ ವಾರ್ಡನಮ್ಮ ತಡೆದುಕೊಳ್ಳುತ್ತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ನಾಲ್ಕು ಬೈದ್ಬಿಡೇ ತಾಯಿ."

"ಬೈಯೋಕೆ ಶಕ್ತಿ ಇಲ್ಲ. ಒಂದು ಲೋಟ ನೀರು ಕೊಡಿ."

ಅಂದು ಸಂಜೆಯವರೆಗೂ ಸೊಸೆ ಒಳಗೆ ಬರಲಿಲ್ಲ. ಹಾಲಿಲ್ಲದ ಚಹಾವನ್ನು ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದರು. ಹುಡುಗರು ಗಳುವಿನಾಚೆಯಿಂದ ಕಣ್ಣಿಟ್ಟಿದ್ದರು. ಹತ್ತಿರ ಬರುವ ಧೈರ್ಯ ಮಾಡಲಿಲ್ಲ. ಫೋನು ಬಂತು. ಮೊಮ್ಮಗಳು ಸ್ಪೀಕರಿಗೆ ಹಾಕಿ ತಾಯಿಯ ಮುಂದೆ ಹಿಡಿದಳು.

"ಬಾಗಿಲು ತೆರೆದಿದೆ ತಾನೆ?"

"ತೆರೆದಿದೆ. ಎಲ್ಲ ಸರಿ ಇದೆ. ನೀವು ಗಂಜಿ ಕುಡಿದ್ರಾ?"

ಅಷ್ಟಕ್ಕೆ ಮುಗಿದುಹೋಗುತ್ತಿತ್ತು. ಜ್ವರದವನಿಗೆ ಗೊತ್ತಾಗುತ್ತಿರಲಿಲ್ಲ, ಸೊಸೆ ಹೇಳುತ್ತಲೂ ಇರಲಿಲ್ಲ. ವಾರ್ಡನಮ್ಮ ಫೋನು ಕಿತ್ತುಕೊಂಡಳು.

"ಏನೂ ಸರಿ ಇಲ್ಲ ಕಣೋ. ಇವತ್ತು ನಾನು ಹೊರಗಿಂದ ಬೀಗ ಹಾಕ್ಕೊಂಡು ಹೋಗಿದ್ದೆ, ಇವಳು ಒಳಗಿರ್ವಾಗ. ಮನೆ ಬಾಗಿಲು ತೂತಾಗಿದೆ, ಇವಳ ಕೈ ಕೊಯ್ದುಹೋಗಿದೆ. ಸರಿ ಇದೆ ಅಂತ ನನ್ನ ಮಾನ ಕಾಪಾಡ್ತಿದಾಳೆ. ನಾನು ಇವಳನ್ನ ಕಾಪಾಡ್ತೀನಿ ಅಂತ್ಲೇ ಬೀಗ ಹಾಕಿದ್ದೆ ಕಣೋ."

ಮಗ, ಕಂಬದ ಮೇಲಿಂದ ಕೂಗಿ ಹೇಳುವವನ ಹಾಗೆ ಒಂದೊಂದೇ ಮಾತು ಹೇಳಿದ: "ಚಿಕ್ಕಮ್ಮನ ಮನೆಗೆ ಹೋಗೋಕೆ ಪಾಸ್ ಮಾಡಿಸ್ತೀನಿ. ಬೀದಿ ತೆರೆದ ತಕ್ಷಣ ಹೊರಡು ಅಮ್ಮ."

"ಸರಿ ಕಣೋ," ಎಂದಳು ವಾರ್ಡನಮ್ಮ. ನ್ಯಾಯವಾದ ಮಾತೇ ಅದು. ಫೋನನ್ನು ಮೊಮ್ಮಗಳ ಮಡಿಲಿಗೆ ಹಾಕಿದಳು.

ಸೊಸೆ ಬಟ್ಟೆ ಸುತ್ತಿದ ಕೈಯಿಂದ ಅದನ್ನು ಎತ್ತಿಕೊಂಡಳು. "ಪಾಸು ಗೀಸು ಏನೂ ಬೇಡ. ಇಲ್ಲೇ ಇರ್ಲಿ."

"ನಿನಗೆ ಕೋಪ ಬರ್ಲಿಲ್ವೇನೇ?" ಎಂದು ಫೋನಿನಲ್ಲಿ ಗಂಡ ಕೇಳಿದ.

"ಕೋಪ ಇದೆ. ಇಷ್ಟಿದೆ ಅಂತ ಹೇಳೋಕಾಗಲ್ಲ, ಅಷ್ಟಿದೆ." ಅವಳ ದನಿ ಮೊದಲ ಸಲ ಏರಿತು; ಗಳುವಿನ ಹತ್ತಿರ ಕೂತ ಹುಡುಗರು ತಿರುಗಿ ನೋಡಿದರು. "ಆ ಸೂಪರ್‌ವೈಸರಮ್ಮ ನನ್ನ ಕೈಗೆ ಸಿಗಲೇ ಇಲ್ಲ. ಇಷ್ಟು ವರ್ಷ ಯಾರ ಮುಖ ನೋಡಿ ಬೈಯ್ಲಿ ನಾನು? ಇವರಾದ್ರೂ ಸಿಕ್ಕಿದಾರಲ್ಲ. ನಾಳೆ ನನಗೆ ಶಕ್ತಿ ಬರುತ್ತೆ, ಆಗ ಕೂರಿಸ್ಕೊಂಡು ಬೈಯ್ಬೇಕು. ಕೇಳೋಕೆ ಅವರು ಎದುರಿಗಿರ್ಬೇಕು."

ಫೋನಿನಲ್ಲಿ ಮಗ ಏನೋ ಹೇಳಲು ಹೊರಟು ಕೆಮ್ಮಿದ.

"ಇರ್ತೀನಿ," ಎಂದಳು ವಾರ್ಡನಮ್ಮ. "ಎಷ್ಟು ದಿನ ಬೈದ್ರೂ ಇರ್ತೀನಿ."